ಹನ್ನೊಂದು ದಿನದ ಸೂತಕ

ಪಾಯಸದಲ್ಲಿ, ಹೋಳಿಗೆಯ ಹೂರಣದಲ್ಲಿ ಏಲಕ್ಕಿ ಎಷ್ಟೇ ಘಮಘಮ ಎಂದರೂ ನನಗೇನೂ ಆಗುವುದಿಲ್ಲ. ಅದೇ ಏಲಕ್ಕಿ ಬ್ರೆಡ್ಡಿನ ಹಿಟ್ಟಿಗೆ ಸೇರಿ ಓವನ್ನಿನಿಂದ ಬಂತೆಂದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹೋದ ತಿಂಗಳು ಮಗಳು ಮಾರ್ಗನ್ ಹಿಲ್‌ನ ನಮ್ಮ ಮನೆಗೆ ಬರುವಾಗ ಹೊಸ ಬೇಕರಿಯೊಂದರಿಂದ ಒಂದು ಡಬ್ಬಿ ಬನ್ನು ತಂದಿದ್ದಳು. ಮುಚ್ಚಳ ತೆಗೆದದ್ದೇ ತಡ, ನಾನು ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ಅವಳು ಹಿಂದೆಯೇ ಬಂದು ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹಲ್ಲುನೋವು ಎಂದೆ. ತನ್ನ ಅಮ್ಮನಿಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ಪಾಪ ಅವಳಿಗೆ ಗೊತ್ತಿಲ್ಲ. ನನ್ನ ಗಂಡನಿಗೆ ಗೊತ್ತು. ಆದರೆ ಆ ವರ್ಷದ ಮಾತೆತ್ತಿದರೆ ಅವರು ಟಿವಿ ಜೋರು ಮಾಡುತ್ತಾರೆ. ನಮ್ಮ ಅತ್ತೆ ಈಗಿಲ್ಲ. ಆ ಬ್ರೆಡ್ಡು ಮಾಡುತ್ತಿದ್ದ ಗುನ್ವೊರ್ ಕೂಡ ಹೋಗಿ ಬಹಳ ವರ್ಷವಾಯಿತು. ಹೇಳಬೇಕಾದವರಿಗೆ ಹೇಳದೆ ಉಳಿದದ್ದನ್ನು ಈಗ ಬರೆದಾದರೂ ಇಡೋಣವೆಂದು ಕೂತಿದ್ದೇನೆ.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಾವು ಆಗ ಓಕ್ಲ್ಯಾಂಡಿನಲ್ಲಿದ್ದೆವು. ಇಳಿಜಾರು ಬೀದಿಯ ಎರಡನೇ ಮಹಡಿಯ ಅಪಾರ್ಟ್‌ಮೆಂಟು. ಅಡುಗೆಮನೆಯ ಕಿಟಕಿಯಿಂದ ದೂರದಲ್ಲಿ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ನನ್ನ ಗಂಡ ರಾಜು ಬಂದರಿನ ಹತ್ತಿರದ ಕಂಪನಿಯೊಂದರಲ್ಲಿ ಎಂಜಿನಿಯರು, ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮಗಳಿಗೆ ಆರು ತಿಂಗಳು. ನನಗೆ ತಾಯಿ ಇರಲಿಲ್ಲ. ಹಾಗಾಗಿ ಮಗು ನೋಡಿಕೊಳ್ಳಲು ಮದ್ದೂರಿನ ಹತ್ತಿರದ ಹಳ್ಳಿಯಿಂದ ಅತ್ತೆಯೇ ಬಂದಿದ್ದರು. ಸೀರೆಯ ಮೇಲೆ ಮಗನ ಹಳೇ ಸ್ವೆಟರು, ಕಾಲಿಗೆ ಎರಡು ಜೊತೆ ಕಾಲುಚೀಲ. ಆ ವರ್ಷ ಮಳೆ ವಾರಗಟ್ಟಲೆ ಬಿಡಲಿಲ್ಲ. ಅತ್ತೆ ಕಿಟಕಿಯಲ್ಲಿ ನಿಂತು, ಇದೆಂಥ ಮಳೆ, ಒಂದು ಕೆಸರಿಲ್ಲ, ಒಂದು ಕಪ್ಪೆ ಕೂಗಲ್ಲ ಎಂದು ದಿನಕ್ಕೊಮ್ಮೆ ಬೈಯುತ್ತಿದ್ದರು.

ಗುನ್ವೊರ್ ನಮ್ಮ ಪಕ್ಕದ ಮರದ ಮನೆಯಲ್ಲಿದ್ದ ಸ್ವೀಡನ್ನಿನ ಹೆಂಗಸು. ಎಪ್ಪತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಎತ್ತರದ ಆಳು, ನಡಿಗೆಯಲ್ಲಿ ಮೇಷ್ಟರ ಗತ್ತು. ಅತ್ತೆಯ ಬಾಯಲ್ಲಿ ಅವರ ಹೆಸರು ಹೊರಳದೆ ಮೂರನೇ ದಿನಕ್ಕೆ ಗುಣಕ್ಕ ಆಯಿತು. ಇಬ್ಬರಿಗೂ ಒಂದೇ ಒಂದು ಭಾಷೆ ಸಾಮಾನ್ಯವಿರಲಿಲ್ಲ. ಆದರೂ ಗುನ್ವೊರ್ ಏಲಕ್ಕಿಯನ್ನು ಸಿಪ್ಪೆಸಮೇತ ಕುಟ್ಟುವುದನ್ನು ಕಂಡು ಅತ್ತೆ ಕುಟ್ಟಾಣಿ ಕಿತ್ತುಕೊಂಡು, ಸಿಪ್ಪೆ ಬಿಡಿಸಿ, ಒಂದು ಚಮಚ ಸಕ್ಕರೆ ಹಾಕಿ ಕುಟ್ಟಿ ತೋರಿಸಿದ ಮೇಲೆ ಅವರಿಬ್ಬರೂ ಹುಟ್ಟೂರಿನವರಂತೆ ಆಗಿಬಿಟ್ಟರು. ಶನಿವಾರ ಮಧ್ಯಾಹ್ನ ನಾವು ಮೂವರೂ ಗುನ್ವೊರ್ ಅಡುಗೆಮನೆಯಲ್ಲಿ ಸೇರುತ್ತಿದ್ದೆವು. ಅವರು ಹೇಳಿದ್ದನ್ನು ಅತ್ತೆಗೆ, ಅತ್ತೆ ಕೇಳಿದ್ದನ್ನು ಅವರಿಗೆ ದಾಟಿಸುವುದು ನನ್ನ ಕೆಲಸ.

ಹೀಗೆ ಅವರ ಬದುಕು ತುಣುಕುತುಣುಕಾಗಿ ನಮಗೆ ಗೊತ್ತಾಯಿತು. ಯುದ್ಧದ ಕಾಲದಲ್ಲಿ ಅವರು ನಾರ್ವೆಯ ಗಡಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆ ಮೇಡಮ್ಮು, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಸ್ವೀಡನ್ ಯುದ್ಧಕ್ಕೆ ಇಳಿದಿರಲಿಲ್ಲ. ನಾರ್ವೆಯಲ್ಲಿ ಜರ್ಮನರು ಕೂತಿದ್ದರು. ಒಂದು ಬೆಳಿಗ್ಗೆ ಶಾಲೆಯ ಬೀಗ ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಮೂರು ಜನ ಕೂತಿದ್ದರಂತೆ. ಕಾಡಿನ ಹಿಮದಲ್ಲಿ ಎರಡು ದಿನ ನಡೆದು ಬಂದವರು, ಅವರಲ್ಲಿ ಒಬ್ಬ ಹೆಂಗಸು ಕಾಲಿಗೆ ಕಿಟಕಿಯ ಪರದೆ ಸುತ್ತಿಕೊಂಡಿದ್ದಳು. ಗುನ್ವೊರ್ ಅವರನ್ನು ಒಳಗೆ ಕೂರಿಸಿ ಒಲೆ ಹೊತ್ತಿಸಿ, ಮಕ್ಕಳಿಗೆ ಅಂದು ರಜೆ ಕೊಟ್ಟು, ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಊರಿನ ಮನೆಮನೆಗೆ ಹೊರಟರು. ಯಾವ ಮನೆಯಲ್ಲಿ ಎಷ್ಟು ಜನ ಮಲಗಬಹುದು ಎಂದು ಕೇಳಿ ಬರೆದುಕೊಂಡರು. ಆಮೇಲೆ ಯುದ್ಧ ಮುಗಿಯುವವರೆಗೆ ಅದೇ ಕೆಲಸ. ಕೊನೆಯ ವರ್ಷ ದಕ್ಷಿಣದ ಬಂದರೊಂದಕ್ಕೆ ಹೋಗಿ, ಜರ್ಮನಿಯ ಶಿಬಿರಗಳಿಂದ ಬಂದಿಳಿದ ಹೆಂಗಸರಿಗೆ ಸ್ನಾನ ಮಾಡಿಸುವುದು, ಚಮಚದಲ್ಲಿ ಗಂಜಿ ಕುಡಿಸುವುದು ಮಾಡಿದರು. ಹೊಟ್ಟೆತುಂಬ ಕೊಟ್ಟರೆ ಸತ್ತೇಹೋಗುವಷ್ಟು ಬಳಲಿದ್ದರಂತೆ. ಇದನ್ನು ಹೇಳುವಾಗ ಅವರ ಧ್ವನಿ ಬದಲಾಗುತ್ತಿರಲಿಲ್ಲ, ಕೈ ಹಿಟ್ಟು ನಾದುತ್ತಲೇ ಇರುತ್ತಿತ್ತು.

ಬಾಗಿಲು ತೆಗೆಯದವರ ಮೇಲೆ ಸಿಟ್ಟು ಬರ್ತಿರಲಿಲ್ವಾ ಎಂದು ಅತ್ತೆ ಒಮ್ಮೆ ನನ್ನಿಂದ ಕೇಳಿಸಿದರು. ಗುನ್ವೊರ್ ನಕ್ಕರು. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲೆ, ಸಿಟ್ಟಿಗೆ ಪುರುಸೊತ್ತೆಲ್ಲಿ ಎಂದರು. ಹೆಚ್ಚಿನವರು ಹೆದರಿಕೆ ಎಂದು ನೇರವಾಗಿ ಹೇಳಿಬಿಡುತ್ತಿದ್ದರಂತೆ. ಇವರು ಥ್ಯಾಂಕ್ಸ್ ಹೇಳಿ ಮುಂದಿನ ಮನೆಗೆ ಹೋಗುವರು. ಒಂದು ಮನೆಯಲ್ಲಿ ಒಂದೇ ಸಲ ಕೇಳುವುದು ಅವರ ಪದ್ಧತಿ.

ಫೆಬ್ರವರಿಯ ಒಂದು ಗುರುವಾರ ಸಂಜೆ ಅವರು ನಮ್ಮ ಬಾಗಿಲಿಗೆ ಬಂದರು. ಕೊಡೆಯಿಂದ ನೀರು ಸೋರುತ್ತಿತ್ತು. ಅತ್ತೆ ಒಳಕೋಣೆಯಲ್ಲಿ ಮಗುವನ್ನು ಮಲಗಿಸುತ್ತಿದ್ದರು, ರಾಜು ಇನ್ನೂ ಬಂದಿರಲಿಲ್ಲ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸಿಲಾಚೆಯೇ ನಿಂತು ಕೇಳಿದರು. ಎಲ್ ಸಾಲ್ವಡಾರ್‌ನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಮಾರ್ತಾ ಎಂಬ ಹೆಂಗಸು, ಅವಳ ಐದು ವರ್ಷದ ಮಗಳು ಲೂಪೆ ತಮ್ಮ ಮನೆಯಲ್ಲಿದ್ದಾರೆ. ಗಂಡನನ್ನು ಅಲ್ಲಿ ಕೊಂದಿದ್ದಾರೆ. ಇಲ್ಲಿರಲು ಅವರಿಗೆ ಕಾಗದಪತ್ರವಿಲ್ಲ. ಕೆನಡಾದವರು ಸೇರಿಸಿಕೊಳ್ಳುತ್ತಾರೆ, ಅದಕ್ಕೆ ಮೂರ್ನಾಲ್ಕು ವಾರ ಬೇಕು. ಆದರೆ ಎರಡು ದಿನದಿಂದ ಮನೆಯೆದುರು ಒಂದು ಕಾರು ನಿಂತಿದೆ, ಒಳಗೆ ಇಬ್ಬರು ಕೂತಿರುತ್ತಾರೆ, ವಲಸೆ ಇಲಾಖೆಯವರೇ ಇರಬೇಕು. ಕೆನಡಾಕ್ಕೆ ಹೊರಡುವವರೆಗೆ ಅವರನ್ನು ನಿಮ್ಮಲ್ಲಿ ಇಟ್ಟುಕೊಳ್ಳಬಹುದೇ? ಇದು ಕಾನೂನಿಗೆ ವಿರುದ್ಧ, ಯೋಚಿಸಿ ಹೇಳಿ ಎಂದೂ ಅವರೇ ಸೇರಿಸಿದರು.

ಮುಂದಿನ ಬುಧವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ಗ್ರೀನ್ ಕಾರ್ಡಿನ ಇಂಟರ್‌ವ್ಯೂ ಇತ್ತು. ಐದು ವರ್ಷ ಕಾದದ್ದು. ಹೀಗೆ ಜನರನ್ನು ಅಡಗಿಸಿಟ್ಟುಕೊಂಡವರ ಮೇಲೆ ಕೇಸು ಹಾಕುತ್ತಿದ್ದಾರೆಂದು ಪೇಪರಿನಲ್ಲಿ ಬರುತ್ತಿತ್ತು. ನನಗೆ ಹೆದರಿಕೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಥ್ಯಾಂಕ್ಸ್ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದರು. ಆದರೆ ಆ ಹೆಂಗಸಿನ ಎದುರು ನಿಂತು ಹೆದರಿಕೆ ಎನ್ನಲು ನನಗೆ ನಾಚಿಕೆಯಾಯಿತು. ಬೇಡ ಎನ್ನುವುದೂ ಬೇಕು, ಒಳ್ಳೆಯವಳು ಅನ್ನಿಸಿಕೊಳ್ಳುವುದೂ ಬೇಕು ನನಗೆ. ಊರಿಂದ ತಂತಿ ಬಂದಿದೆ, ರಾಜು ಅವರ ದೊಡ್ಡಪ್ಪ ತೀರಿಕೊಂಡರು, ನಮಗೆ ಸೂತಕ ಎಂದುಬಿಟ್ಟೆ.

ಗುನ್ವೊರ್‌ಗೆ ಸೂತಕವೆಂದರೆ ಏನೆಂದು ಗೊತ್ತಿತ್ತು. ಹಿಂದಿನ ವರ್ಷ ಸ್ಯಾನ್ ಹೊಸೆಯ ನಮ್ಮ ಸ್ನೇಹಿತರ ಮನೆಯಲ್ಲಿ ಸಾವಾದಾಗ ಅನ್ನ ಸಾರು ಮಾಡಿಕೊಂಡು ಹೊರಟ ನನ್ನನ್ನು ಅವರೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇರೆಯವರು ಊಟ ತಂದುಕೊಡಬೇಕು, ಹೊರಗಿನವರು ಅಲ್ಲಿ ನೀರೂ ಕುಡಿಯಬಾರದು ಎಂದು ಫ್ರೀವೇ ಉದ್ದಕ್ಕೂ ನಾನೇ ದೊಡ್ಡ ಪುರಾಣ ಬಿಗಿದಿದ್ದೆ. ಈಗ ಅದೇ ಪುರಾಣ ಉಪಯೋಗಕ್ಕೆ ಬಂತು. ಹನ್ನೊಂದು ದಿನ, ಮುಂದಿನ ಭಾನುವಾರ ಕಳೆದು ಅದರ ಮುಂದಿನ ಭಾನುವಾರಕ್ಕೆ ಮುಗಿಯುತ್ತದೆ, ಸೋಮವಾರ ಖಂಡಿತ ಕರೆದುಕೊಂಡು ಬನ್ನಿ ಎಂದೆ. ಅಷ್ಟರಲ್ಲಿ ಅವರು ಬೇರೆ ಏರ್ಪಾಡು ಮಾಡಿಕೊಂಡಿರುತ್ತಾರೆ ಎಂಬುದು ನನ್ನ ಲೆಕ್ಕ. ಗುನ್ವೊರ್ ಕೊಡೆಯನ್ನು ಕೆಳಗಿಟ್ಟು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. “ಹನ್ನೊಂದು ದಿನ ತಾನೇ, ಹೇಗಾದರೂ ಸಂಭಾಳಿಸುತ್ತೇನೆ. ನೀವು ನಿಮ್ಮವರನ್ನು ನೋಡಿಕೊಳ್ಳಿ” ಎಂದರು.

ಮಾರನೇ ಬೆಳಿಗ್ಗೆ ಬಾಗಿಲ ಬಳಿ ಒಗೆದ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಇತ್ತು. ಇನ್ನೂ ಬಿಸಿ, ಏಲಕ್ಕಿಯ ಘಮ. ಸಾವಿನ ಮನೆಗೆ ಊಟ ತಂದಿಟ್ಟು ಒಳಗೆ ಬಾರದೆ ಹೋಗಿದ್ದರು. ಬಾಗಿಲಿಗೆ ಬಂದ ಗುಣಕ್ಕ ಮಗುವನ್ನು ಎತ್ತಿಕೊಳ್ಳದೆ ಹೋದರಲ್ಲ ಎಂದು ಅತ್ತೆ ಪೇಚಾಡಿದರು. ಹೇಳದೆ ವಿಧಿಯಿರಲಿಲ್ಲ, ಎಲ್ಲವನ್ನೂ ಹೇಳಿದೆ. ಅತ್ತೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತರು.

“ನಮ್ಮ ದೊಡ್ಡ ಭಾವನ್ನ ಸಾಯಿಸ್ಬುಟ್ಟಲ್ಲವ್ವ ಜಯ” ಎಂದರು.

ದೊಡ್ಡಪ್ಪ ಆಗ ಊರಿನಲ್ಲಿ ಬೆಲ್ಲದ ಗಾಣ ನೋಡಿಕೊಂಡು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಅತ್ತೆ ಬ್ರೆಡ್ಡನ್ನು ಮುಟ್ಟಲಿಲ್ಲ. ಅಂದು ಸಂಜೆ ದೇವರ ಮುಂದೆ ದೀಪ ಹಚ್ಚಲಿಲ್ಲ, ಸಾರಿಗೆ ಒಗ್ಗರಣೆ ಹಾಕಲಿಲ್ಲ. ಸುಳ್ಳೋ ನಿಜವೋ, ಸೂತಕ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಸೂತಕವೇ ಎಂಬುದು ಅವರ ನ್ಯಾಯ. ಹಾಗೆ ಬದುಕಿರುವ ದೊಡ್ಡಪ್ಪನಿಗೆ ನಮ್ಮ ಮನೆಯಲ್ಲಿ ಸಪ್ಪೆ ಸಾರಿನ ಸೂತಕ ಶುರುವಾಯಿತು. ಹೋಗಿ ನಿಜ ಹೇಳು ಎಂದು ಅತ್ತೆ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಹೇಳುವರು. ಇಂಟರ್‌ವ್ಯೂ ಮುಗಿಯಲಿ ಎಂದು ರಾಜು ಪೇಪರಿನ ಹಿಂದಿನಿಂದ ಹೇಳುವರು. ದಿನ ಬಿಟ್ಟು ದಿನ ಬಾಗಿಲಿಗೆ ಬ್ರೆಡ್ಡು ಬರುತ್ತಿತ್ತು. ನಾನು ಅದನ್ನು ಲ್ಯಾಬಿಗೆ ಒಯ್ದು ಹಂಚುತ್ತಿದ್ದೆ. ಎಲ್ಲರೂ ಚಪ್ಪರಿಸಿ ತಿಂದು ರೆಸಿಪಿ ಕೇಳಿದರು.

ಮಾರ್ತಾಳನ್ನು ನಾನು ನೋಡಿದ್ದು ಕಿಟಕಿಯಿಂದ ಮಾತ್ರ. ಗುನ್ವೊರ್ ಮನೆಯ ಹಿಂಬದಿಯ ಮಾಡಿನ ಕೆಳಗೆ ಚಿಕ್ಕಚಿಕ್ಕ ಅಂಗಿ, ಕಾಲುಚೀಲ ಹರವುತ್ತಿದ್ದಳು. ಗಿಡ್ಡ ಹೆಂಗಸು, ಬೆನ್ನ ಮೇಲೆ ದಪ್ಪನೆಯ ಜಡೆ. ಹಿಂದಿನಿಂದ ನೋಡಿದರೆ ನಮ್ಮ ಕಡೆಯವಳೇ ಅನ್ನಬೇಕು. ಆ ಮಳೆಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಸಂಜೆ ಅವನ್ನೇ ಹಿಂಡಿ ಮತ್ತೆ ಹರವುತ್ತಿದ್ದಳು. ಗುನ್ವೊರ್ ಬಳಿ ಒಣಗಿಸುವ ಮೆಷಿನ್ನು ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಎರಡಿದ್ದವು.

ಬುಧವಾರ ಇಂಟರ್‌ವ್ಯೂ ಹತ್ತು ನಿಮಿಷದಲ್ಲಿ ಮುಗಿಯಿತು. ಅಧಿಕಾರಿ ಮಗುವಿನ ಕೆನ್ನೆ ಮುಟ್ಟಿ ಕಂಗ್ರಾಚುಲೇಷನ್ಸ್ ಎಂದ. ವಾಪಸು ಬರುವಾಗ ಸೇತುವೆಯ ಮೇಲೆ ರಾಜು ಹಳೇ ಹಾಡು ಗುನುಗಿದರು. ಕೊನೆಗೆ ತಾವಾಗಿಯೇ, ಇನ್ನು ಬೇಕಾದರೆ ಕರೆಸಿಕೋ, ನಾಲ್ಕು ದಿನ ಇದ್ದು ಹೋಗಲಿ ಎಂದರು. ನನಗಿದ್ದ ಹೆದರಿಕೆಯ ಕಾರಣ ಅಲ್ಲಿಗೆ ಮುಗಿದುಹೋಗಿತ್ತು. ಮಾರನೇ ದಿನ ಗುರುವಾರ, ನಮ್ಮ ಸೂತಕದ ಎಂಟನೇ ದಿನ. ಅತ್ತೆ ಬೆಳಿಗ್ಗೆಯೇ ಸಣ್ಣ ಕೋಣೆ ಗುಡಿಸಿ, ಹಾಸಿಗೆ ಝಾಡಿಸಿ ಹಾಸಿ, ಹೋಗಿ ಕರ್ಕೊಂಡು ಬಾ ಎಂದರು.

“ಏನಂತ ಹೇಳಲಿ ಅತ್ತೆ? ಸೂತಕ ಎಂಟನೇ ದಿನಕ್ಕೇ ಹೇಗೆ ಮುಗೀತು ಅಂತ ಕೇಳಲ್ವಾ ಅವರು?”

“ಸುಳ್ಳು ಅಂದೆ ಅನ್ನು. ನಾಕು ಬೈದಾರು. ಬೈಸ್ಕೊ.”

ಬೈಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಇನ್ನು ನಾಲ್ಕು ದಿನ ಕಳೆದರೆ ಸೋಮವಾರ, ಸುಳ್ಳು ತನ್ನ ಪಾಡಿಗೆ ತಾನೇ ಮುಗಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಮಾತಿಗೆ ತಪ್ಪಿದವಳೂ ಆಗುವುದಿಲ್ಲ. ಇಷ್ಟು ದಿನ ಕಾದವರಿಗೆ ಇನ್ನು ನಾಲ್ಕು ದಿನ ದೊಡ್ಡದೇ ಎಂದುಕೊಂಡು ಕೆಲಸಕ್ಕೆ ಹೋದೆ. ಮೊದಲ ದಿನದ ಸುಳ್ಳನ್ನು ಹೆದರಿಕೆಯಿಂದ ಹೇಳಿದೆ ಎಂದು ಯಾರಾದರೂ ಕ್ಷಮಿಸಬಹುದು, ನಾನೇ ಎಷ್ಟೋ ಸಲ ಕ್ಷಮಿಸಿಕೊಂಡಿದ್ದೇನೆ. ಈ ನಾಲ್ಕು ದಿನಕ್ಕೆ ಮಾತ್ರ ಯಾವ ಸಮಜಾಯಿಷಿಯೂ ಇಲ್ಲ.

ಶುಕ್ರವಾರ ಮಳೆ ನಿಂತಿತು. ಬೀದಿಯ ಪ್ಲಮ್ ಮರಗಳು ಹೂಬಿಟ್ಟಿದ್ದು ಅವತ್ತೇ ಕಣ್ಣಿಗೆ ಬಿತ್ತು. ನನಗೆ ಮಧ್ಯಾಹ್ನದ ಪಾಳಿ, ಹೊರಡುವ ಗಡಿಬಿಡಿಯಲ್ಲಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಗುನ್ವೊರ್, ಸೊಂಟದ ಮೇಲೆ ಆ ಹುಡುಗಿ. ಐದು ವರ್ಷದ ಮಗುವನ್ನು ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಅವರು ಮೊದಲು ಹೇಳಿದ್ದು, ಇನ್ನೂ ನಿಮ್ಮ ಹನ್ನೊಂದು ದಿನ ಆಗಿಲ್ಲ, ಒಳಗೆ ಕಾಲಿಡುತ್ತಿದ್ದೇನೆ, ಕ್ಷಮಿಸಿ ಎಂದು.

ವಾರವೆಲ್ಲ ಒಣಗದ ಬಟ್ಟೆಯನ್ನು ಮಾರ್ತಾ ಚೀಲಕ್ಕೆ ತುಂಬಿಕೊಂಡು ಬೀದಿಯ ತುದಿಯ ಲಾಂಡ್ರಿಗೆ ಹೋಗಿದ್ದಳಂತೆ. ಮಗುವಿಗೆ ಕೆಮ್ಮು ಶುರುವಾಗಿತ್ತು, ಬೇಡವೆಂದರೂ ಕೇಳಲಿಲ್ಲ. ಎದುರಿನ ಕಾರು ಬೆಳಗಿನಿಂದ ಇರಲಿಲ್ಲ, ಹೋಗಿರಬೇಕು ಎಂದುಕೊಂಡಳು. ಕಾರು ಲಾಂಡ್ರಿಯ ಹತ್ತಿರ ನಿಂತಿತ್ತು. ಗುನ್ವೊರ್ ಓಡಿಹೋಗುವಷ್ಟರಲ್ಲಿ ಅವಳನ್ನು ಕರೆದುಕೊಂಡು ಹೋಗಿಯಾಗಿತ್ತು, ಮೆಷಿನ್ನಿನಲ್ಲಿ ಬಟ್ಟೆ ಇನ್ನೂ ತಿರುಗುತ್ತಿತ್ತು. ಈಗ ವಕೀಲರ ಹತ್ತಿರ ಓಡಬೇಕು, ಅಲ್ಲಿಯವರೆಗೆ ಮಗು ಇಲ್ಲಿರಲಿ ಎಂದರು. ಅತ್ತೆಗೆ ನಾನು ದಾಟಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರು ಆಗಲೇ ಬಂದು ಮಗುವನ್ನು ಎತ್ತಿಕೊಂಡಿದ್ದರು.

ಹೊರಡುವ ಮುನ್ನ ಗುನ್ವೊರ್ ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ.

“ನೀವು ಯಾಕೆ ಅಳುತ್ತೀರಿ? ನಿಮ್ಮದೇನು ತಪ್ಪು? ಬೇರೆ ಎರಡು ಮನೆಯವರು ತಾಯಿ ಮಗಳನ್ನು ಇಟ್ಟುಕೊಳ್ಳುತ್ತೇವೆ ಅಂದಿದ್ದರು, ಸೋಮವಾರ ನಿಮ್ಮಲ್ಲಿಗೆ ಹೋಗುತ್ತಾರಲ್ಲ ಅಂತ ನಾನೇ ಬೇಡ ಅಂದೆ. ಮಗು ನಿಮ್ಮ ಅತ್ತೆಗೆ ಹೊಂದಿಕೊಳ್ಳುತ್ತೆ ಅಂತ ನನ್ನ ಆಸೆ. ಸಾವು ಹೇಳಿ ಕೇಳಿ ಬರುತ್ತದೆಯೇ?” ಎಂದರು.

ನನಗೆ ಸಮಾಧಾನ ಹೇಳಿ ಮೆಟ್ಟಿಲಿಳಿದು ಹೋದರು.

ಲೂಪೆ ನಮ್ಮಲ್ಲಿ ಆರು ದಿನ ಇದ್ದಳು. ಮಾತಾಡುತ್ತಿರಲಿಲ್ಲ. ಶೂ ಬಿಚ್ಚಲು ಬಿಡುತ್ತಿರಲಿಲ್ಲ, ಮಲಗುವಾಗಲೂ ಕಾಲಲ್ಲಿ ಶೂ. ಮನೆಗೆ ಬಂದ ರಾಜುವಿನ ಬಾಸಿನಿಂದಲೂ ಬಾಗಿಲಲ್ಲೇ ಶೂ ಬಿಚ್ಚಿಸಿದ್ದ ಅತ್ತೆ ಆ ಕೆಸರು ಶೂಗಳ ಸಮೇತ ಅವಳನ್ನು ತಮ್ಮ ಹಾಸಿಗೆಯಲ್ಲಿ ಮಲಗಿಸಿಕೊಂಡರು. ಮೊಸರನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟರೆ ತಿನ್ನುವಳು. ಬಾಕಿ ಹೊತ್ತು ಕಿಟಕಿಯಲ್ಲಿ ನಿಂತು ಬೀದಿ ನೋಡುವಳು. ಏಳನೇ ದಿನ ಲಾಸ್ ಏಂಜಲೀಸಿನಿಂದ ಅವಳ ತಾಯಿಯ ಕಡೆಯ ನೆಂಟಳೊಬ್ಬಳು ಬಂದು ಕರೆದುಕೊಂಡು ಹೋದಳು. ಮಾರ್ತಾಳನ್ನು ಮಾರ್ಚ್ ಮುಗಿಯುವುದರೊಳಗೆ ವಿಮಾನ ಹತ್ತಿಸಿ ಅವಳ ದೇಶಕ್ಕೆ ಕಳಿಸಿದರು. ಗುನ್ವೊರ್ ಮೂರು ಕಾಗದ ಬರೆದರು, ಒಂದಕ್ಕೂ ಉತ್ತರ ಬರಲಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಗ್ರೀನ್ ಕಾರ್ಡು ಏಪ್ರಿಲಿನಲ್ಲಿ ಬಂತು. ಅದೇ ತಿಂಗಳ ಕೊನೆಗೆ ಅತ್ತೆ ಊರಿಗೆ ಹೊರಟರು. ಹಿಂದಿನ ದಿನ ಮಧ್ಯಾಹ್ನ ಗುಣಕ್ಕನ ಮನೆಗೆ ಹೋಗಬೇಕು, ನೀನೂ ಬಾ ಎಂದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯದೇ ಇರಲಿಲ್ಲ. ಗುನ್ವೊರ್ ಅಡುಗೆಮನೆಯಲ್ಲಿ ಕಾಫಿ ಇಟ್ಟು, ಕುರ್ಚಿ ಎಳೆದು ಕೂರಿಸಿದರು. ಅತ್ತೆ ಕೂರಲಿಲ್ಲ. ಸೆರಗು ಹೊದ್ದು, ಕೈ ಮುಗಿದು ಗುನ್ವೊರ್ ಎದುರು ನಿಂತರು.

“ಅಕ್ಕಾ, ನಮ್ಮನೇಲಿ ಯಾರೂ ಸತ್ತಿರ್ನಿಲ್ಲ. ನಾವು ಸುಳ್ಳು ಯೋಳುದ್ವು. ನಮ್ಮ ದೆಸೆಯಿಂದ ಆ ತಾಯಿ ಮಗ ಬೇರೆ ಆಗೋದ್ರು. ತಪ್ಪಾಯ್ತು ಕಣಕ್ಕ” ಎಂದರು. ಹೇಳುತ್ತ ಹೇಳುತ್ತ ಬಿಕ್ಕಿದರು. ನಮ್ಮ ಕಡೆ ಹೆಣ್ಣಾಗಲಿ ಗಂಡಾಗಲಿ ಹೆತ್ತದ್ದೆಲ್ಲ ಅವರ ಬಾಯಲ್ಲಿ ಮಗವೇ.

ಗುನ್ವೊರ್ ಎದ್ದು ಅವರನ್ನು ತಬ್ಬಿಕೊಂಡರು. ಬೆನ್ನು ಸವರುತ್ತ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದರು.

ನಿಮ್ಮನ್ನು ಬಿಟ್ಟು ಹೋಗಲು ಸಂಕಟವಾಗುತ್ತಿದೆಯಂತೆ, ಯಾವತ್ತೂ ಮರೆಯುವುದಿಲ್ಲವಂತೆ ಎಂದೆ. ನಾನೂ ಮರೆಯುವುದಿಲ್ಲ ಎಂದು ಹೇಳಿ ಎಂದರು ಗುನ್ವೊರ್, ಅವರ ಕಣ್ಣಲ್ಲೂ ನೀರಿತ್ತು.

ಅತ್ತೆ ಅವರ ಹೆಗಲಿನಿಂದ ತಲೆಯೆತ್ತಿ ನನ್ನನ್ನು ನೋಡಿದರು.

“ಯೋಳ್ದಾ? ಏನಂದ್ರು?”

“ಹೇಳ್ದೆ ಅತ್ತೆ. ಪರವಾಗಿಲ್ಲ, ಮನಸ್ಸಿಗೆ ಹಚ್ಚಿಕೋಬೇಡಿ ಅಂದ್ರು.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಎರಡು ತಿಂಗಳಿಂದ ಕಾಣದ ಗೆಲುವು ಅವರ ಮುಖದಲ್ಲಿ ಕಂಡಿತು. ಗುನ್ವೊರ್ ಅವರ ಕೈ ಬಿಡದೆಯೇ ಅತ್ತೆ ನನಗೆ ಹೇಳಿದರು:

“ನೋಡ್ದಾ ಜಯ? ಯೋಳುದ್ರೆ ಅಷ್ಟೇಯ. ಅವತ್ತೇ ಯೋಳ್ಬೌದಿತ್ತು ಕಣವ್ವ ನೀನು.”